ಹದಿನೇಳನೇ ಗುರುತಿನ ನಾಲ್ಕು ಇಂಚು

ಅನಂತರಾಮು ಅವರ ಲೆವೆಲ್ ಪುಸ್ತಕದಲ್ಲಿ ತಪ್ಪು ಹುಡುಕುವುದೂ ಒಂದೇ, ತಿರುಪತಿಯಿಂದ ಈಗತಾನೇ ಇಳಿದವನ ತಲೆಯಲ್ಲಿ ಬೈತಲೆ ಹುಡುಕುವುದೂ ಒಂದೇ ಎಂದು ಹಲಸೂರಿನ ಆ ಖಾಸಗಿ ಸರ್ವೆ ಆಫೀಸಿನಲ್ಲಿ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರಲ್ಲಿ ಮೊದಲಿಗರು ಅನಂತರಾಮು ಅವರೇ. ವಯಸ್ಸು ಐವತ್ತನಾಲ್ಕು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲ್. ಪೆನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಮಳೆಗೆ ಶಾಯಿ ಹರಡುತ್ತದೆ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಪೆನ್ಸಿಲಾದರೆ ಅಳಿಸಬಹುದು ಎನ್ನುವುದು ಯಾರೂ ಕೇಳದೆ ಉಳಿದ ಕಾರಣ.

ಅವರ ಸರಕು ಬೆಂಚ್ ಮಾರ್ಕು. ಮೋರಿಯ ಕಟ್ಟೆ, ಗುಡಿಯ ಮೆಟ್ಟಿಲು, ಶಾಲೆಯ ಜಗಲಿ, ಹೀಗೆ ಅಲುಗಾಡದ ಕಲ್ಲು ಎಲ್ಲಿ ಕಂಡರೂ ಅದರ ಮೇಲೆ ಉಳಿಯಿಂದ ಗುರುತು ಕೆತ್ತಿಸಿ, ಕೆಂಪು ಬಣ್ಣ ಬಳಿಸಿ, ಸಮುದ್ರಮಟ್ಟದಿಂದ ಇದು ಇಷ್ಟು ಎತ್ತರ ಎಂದು ಪುಸ್ತಕದಲ್ಲಿ ಬರೆದಿಡುವುದು. ಮುಂದೆ ಅಲ್ಲಿ ಮನೆ ಕಟ್ಟುವವರು, ಚರಂಡಿ ತೋಡುವವರು ಅದನ್ನೇ ನಂಬಿ ಅಳೆಯುತ್ತಾರೆ. ಅಳೆಯುತ್ತ ಹೋದವನು ಅದೇ ದಾರಿಯಲ್ಲಿ ಅಳೆಯುತ್ತಲೇ ವಾಪಸು ಬರಬೇಕು. ಹೋದದ್ದೂ ಬಂದದ್ದೂ ತಾಳೆಯಾದರೆ ಮಾತ್ರ ಗುರುತು ಪಕ್ಕಾ. ಇದಕ್ಕೆ ‘ಕ್ಲೋಸ್ ಮಾಡುವುದು’ ಎನ್ನುತ್ತಾರೆ. ಅನಂತರಾಮು ಅವರದು ಎರಡು ಮೂರು ಮಿಲಿಮೀಟರಿನೊಳಗೆ ಕ್ಲೋಸ್ ಆಗದ ದಿನವೇ ಇಲ್ಲ.

ಎರಡು ಸಾವಿರದ ಮೂರರಲ್ಲಿ ಯಜಮಾನ ಜಗನ್ ಆಫೀಸಿಗೆ ಕಂಪ್ಯೂಟರ್ ತರಿಸಿದ. ಹಲಸೂರಿನ ಹಳೇ ಒಕ್ಕಲು ಮನೆತನದ ಹುಡುಗ. ಆಫೀಸು ಅಪ್ಪನ ಕಾಲದ್ದು. ಸಿ.ವಿ. ರಾಮನ್ ನಗರದ ಕಡೆ ಗಾಜಿನ ಕಟ್ಟಡ ಎಬ್ಬಿಸುವವರು ಸವೆದ ಪುಸ್ತಕ ನೋಡುವುದಿಲ್ಲ, ಅಚ್ಚುಕಟ್ಟು ಪಟ್ಟಿ ಕೇಳುತ್ತಾರೆ ಎಂಬುದು ಅವನಿಗೆ ಗೊತ್ತಾಗಿತ್ತು.

“ಅಂಕಲ್, ಸಾವಿರದ ನಾನೂರು ಗುರುತನ್ನೂ ಇದ್ರೊಳಗೆ ಹಾಕ್ಬಿಡಿ. ಕೆ.ಆರ್. ಪುರದ್ದು ಮಾತ್ರ ಬೇಕು ಅಂದ್ರೆ ಅದು ಮಾತ್ರ ಬರುತ್ತೆ. ಚೆನ್ನಾಗಿರೋದು ಮಾತ್ರ ಅಂದ್ರೆ ಅದು ಮಾತ್ರ. ಸಾರು ಸೋಸ್ದಂಗೆ ಸೋಸಿ ಕೊಡುತ್ತೆ.”

“ನನ್ನದರಲ್ಲಿ ಸೋಸೋಕೆ ಕಸ ಎಲ್ಲಿದೆಯಪ್ಪಾ?” ಎಂದರು ಅನಂತರಾಮು.

ಕೀಲಿಮಣೆಯ ಮುಂದೆ ಕೂತವಳು ಪದ್ಮಶ್ರೀ, ಹೊಸದಾಗಿ ಸೇರಿದ್ದ ಹುಡುಗಿ. ಇವರು ಟ್ರಂಕಿನಿಂದ ಪುಸ್ತಕ ತೆಗೆದು ಓದುವುದು, ಅವಳು ಒತ್ತುವುದು. ಅಂಕಿ, ಜಾಗ, ಎತ್ತರ, ಹೋದ ತಾರೀಖು, ಬಂದ ತಾರೀಖು, ವ್ಯತ್ಯಾಸ, ಸ್ಥಿತಿ, ಷರಾ. ಆರು ವಾರ ನಡೆಯಿತು. ಸ್ಥಿತಿ ಎಂಬ ಕಾಲಮ್ಮಿಗೆ ಬಂದಾಗಲೆಲ್ಲ ಅನಂತರಾಮು ಅವರ ದನಿ ಇಳಿಯುತ್ತಿತ್ತು.

“ದೊಡ್ಡ ಬಾವಿ ಕಟ್ಟೆ?”

“ಇಲ್ಲ. ಮುಚ್ಚಿದ್ರು.”

“ಹುಣಸೆಮರದ ಪಕ್ಕದ ಮೋರಿ?”

“ರಸ್ತೆ ಅಗಲ ಮಾಡಿದ್ರಲ್ಲ. ಮರಾನೂ ಇಲ್ಲ.”

“ಸಾರ್, ನೀವು ಗುರುತು ಹಾಕಿದ್ದೆಲ್ಲ ಹೋಗ್ತಿದೆ. ನಮ್ಮನೆ ಗೋಡೆ ಮೇಲೆ ಮಾತ್ರ ದಯವಿಟ್ಟು ಹಾಕ್ಬೇಡಿ” ಎಂದಳು ಪದ್ಮಶ್ರೀ. ಅವರು ನಗಲಿಲ್ಲ.

ಎಲ್ಲ ತುಂಬಿದ ಮೇಲೆ ಅವಳು ಒಂದು ದಿನ ಮಧ್ಯಾಹ್ನ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಪರದೆ ನೋಡಿ ಕುರ್ಚಿ ತಿರುಗಿಸಿದಳು.

“ಸಾರ್, ನಿಮಗೆ ಅವಳಿ ತಮ್ಮ ಇದಾರಾ?”

“ಯಾಕಮ್ಮಾ?”

“ತೊಂಬತ್ತಮೂರು, ಡಿಸೆಂಬರ್ ಹದಿಮೂರು. ಹಲಸೂರಲ್ಲಿ ಛತ್ರದ ಲೆವೆಲ್ ಇಡೀ ದಿನ ಮಾಡಿದೀರ. ಅದೇ ದಿನ ಕೆ.ಆರ್. ಪುರದಲ್ಲಿ ಮೂವತ್ತೊಂದು ಗುರುತು, ಒಂಬತ್ತು ಕಿಲೋಮೀಟರ್ ವಾಪಸ್ ಬಂದಿದೀರ. ಅಳೆಯೋ ಯಂತ್ರಾನೂ ಒಂದೇ. ಯಾವುದೋ ಒಂದು ತಾರೀಖು ಕೈತಪ್ಪಿದೆ ಬಿಡಿ. ಹದ್ನಾಲ್ಕು ಅಂತ ಮಾಡ್ಬಿಡ್ಲಾ?”

ಎರಡೂ ಪುಸ್ತಕ ಹತ್ತು ವರ್ಷ ಎರಡು ಟ್ರಂಕಿನಲ್ಲಿ ಮಲಗಿದ್ದವು. ಒಂದರ ಪಕ್ಕ ಇನ್ನೊಂದನ್ನು ಇಡುವ ಕೆಲಸ ಈ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ.

“ಇರ್ಲಿ, ಮುಟ್ಬೇಡ” ಎಂದರು ಅನಂತರಾಮು.

ತಾರೀಖು ಕೈತಪ್ಪಿರಲಿಲ್ಲ. ಹಿಂದಿನ ವಾರ ಕೆ.ಆರ್. ಪುರದ ದಾರಿಯಲ್ಲಿ ಅಳೆಯುತ್ತ ಹೋಗಿದ್ದಾಗಿತ್ತು, ವಾಪಸು ಬರುವುದು ಬಾಕಿ ಇತ್ತು. ಸೋಮವಾರ ಹಳೇ ಯಜಮಾನರು ಛತ್ರದ ಕೆಲಸಕ್ಕೆ ಎಳೆದುಕೊಂಡರು. ಮಂಗಳವಾರ ಬೆಳಿಗ್ಗೆಯೇ ಕೆ.ಆರ್. ಪುರದ ವರದಿ ಕೊಡಬೇಕಿತ್ತು. ಸಂಜೆ ಮನೆಯಲ್ಲಿ ಹೆಂಡತಿ ಶಾಂತಕುಮಾರಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಇವರು ಅವಳ ಎದುರಿಗೇ ಕೂತು, ನಡೆಯದ ಒಂಬತ್ತು ಕಿಲೋಮೀಟರನ್ನು ಪೆನ್ಸಿಲಿನಲ್ಲಿ ನಡೆದರು. ಹೋದ ಅಂಕಿಗಳನ್ನೇ ತಿರುಗಿಸಿ, ಅನುಮಾನ ಬರದಿರಲೆಂದು ಅಲ್ಲೊಂದು ಇಲ್ಲೊಂದು ಮಿಲಿಮೀಟರ್ ಉದುರಿಸಿದರು. “ಆಫೀಸಿಂದಾ?” ಎಂದಳು ಆಕೆ. “ಫೇರ್ ಕಾಪಿ” ಎಂದರು ಇವರು.

ಅಷ್ಟೇ ಆಗಿದ್ದರೆ ಅವರು ಹದಿನಾಲ್ಕು ಎಂದು ಹಾಕಿಸಿ ಕಾಫಿಗೆ ಹೋಗುತ್ತಿದ್ದರು. ಆದರೆ ನಜೀರ್ ನೆನಪಾದ.

ಆ ದಾರಿಯ ಹದಿನೇಳನೇ ಗುರುತಿನಿಂದ ಅಳೆದು ತೊಂಬತ್ತಾರರಲ್ಲಿ ಚಿಕ್ಕಮುನಿಯಮ್ಮ ಎಂಬಾಕೆ ತನ್ನ ಹಳೇ ರಾಗಿ ಹೊಲದಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದಳು. ನೆಲದ ಮಟ್ಟಕ್ಕೆ ಬಣ್ಣದ ಗೆರೆ ಎಳೆದುಕೊಟ್ಟವರು ಅನಂತರಾಮು. ಕಟ್ಟಿದವನು ಶಿವಾಜಿನಗರದ ನಜೀರ್ ಮೇಸ್ತ್ರಿ. ತೊಂಬತ್ತೆಂಟರ ಮಳೆಗೆ ನಾಲ್ಕೂ ಮನೆಗೆ ಚರಂಡಿ ನೀರು ನುಗ್ಗಿತು. ಗಲ್ಲಿಯಲ್ಲಿ ಪಂಚಾಯ್ತಿ ಸೇರಿತು. ಚರಂಡಿಯಿಂದ ಅಳೆದರೆ ನೆಲ ಇರಬೇಕಾದದ್ದಕ್ಕಿಂತ ನಾಲ್ಕು ಇಂಚು ತಗ್ಗು.

“ಸಾರು ಎಳ್ದಿದ್ ಗೆರೆಗೇ ಕಟ್ಟಿದೀನಿ, ಖುದಾ ಕಸಮ್” ಎಂದಿದ್ದ ನಜೀರ್. ಗೆರೆ ಅಷ್ಟರಲ್ಲಿ ಗಾರೆಯ ಕೆಳಗೆ ಸೇರಿಹೋಗಿತ್ತು.

ಅನಂತರಾಮು ಅಂದು ಯಂತ್ರ ತಂದಿರಲಿಲ್ಲ, ಪುಸ್ತಕ ತಂದಿದ್ದರು. ಹತ್ತು ಜನರ ಮುಂದೆ ಪುಟ ತೆರೆದು, “ಎರಡು ಮಿಲಿಮೀಟರಿಗೆ ಕ್ಲೋಸ್ ಆಗಿದೆ, ನೋಡ್ಕೊಳ್ಳಿ. ನನ್ನ ಗುರುತು ಸರಿ ಇದೆ. ಮೇಸ್ತ್ರಿ ಮಟ್ಟ ತಪ್ಪಿದಾನೆ” ಎಂದಿದ್ದರು. ಯಾರಿಗೂ ಓದಲು ಬರದ ಪುಸ್ತಕದಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ನಜೀರ್ ತಾನು ಹಾಕಿದ ನೆಲವನ್ನು ತಾನೇ ಒಡೆದು ಎತ್ತರಿಸಿ ಕೊಟ್ಟ. ಆಮೇಲೆ ಹೆಬ್ಬಾಳದಿಂದ ವೈಟ್‌ಫೀಲ್ಡಿನವರೆಗೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಶನಿವಾರ ಅನಂತರಾಮು ಯಂತ್ರ ಹೊತ್ತುಕೊಂಡು, ಅಳತೆ ಕೋಲು ಹಿಡಿಯುವ ಅಮರಪ್ಪನನ್ನು ಕರೆದುಕೊಂಡು ಕೆ.ಆರ್. ಪುರಕ್ಕೆ ಹೋದರು. ಉಳಿದಿದ್ದ ಗುರುತುಗಳನ್ನೇ ಹಿಡಿದು ಅಳೆಯುತ್ತ ಬಂದರು. ಹನ್ನೊಂದರ ತನಕ ಎಲ್ಲ ತಾಳೆಯಾಯಿತು. ಹನ್ನೆರಡರಲ್ಲಿ ಸರಿಯಾಗಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಿತ್ತು. ಹತ್ತು ವರ್ಷದ ಹಿಂದೆ ಕೋಲಿನ ಮೇಲಿನ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರು. ನಿಜವಾಗಿ ವಾಪಸು ನಡೆದಿದ್ದರೆ ಅಂದೇ ಸಿಕ್ಕಿಬೀಳುತ್ತಿತ್ತು. ಹದಿನೇಳನೇ ಗುರುತು ಪುಸ್ತಕದಲ್ಲಿ ನಾಲ್ಕು ಇಂಚು ಹೆಚ್ಚು ಎತ್ತರವಿತ್ತು; ಅದನ್ನು ನಂಬಿ ಹಾಕಿದ ನೆಲ ನಾಲ್ಕು ಇಂಚು ತಗ್ಗಿತ್ತು.

“ಇನ್ನೊಂದ್ ಸಲ ನೋಡಿ ಸಾಮಿ, ನಾನೇ ಕೋಲು ಸೊಟ್ಟಗೆ ಹಿಡ್ದಿದ್ನೇನೋ” ಎಂದ ಅಮರಪ್ಪ. ಅವರ ಮುಖ ನೋಡಿ ಅವನಿಗೆ ಕರುಣೆ ಬಂದಿತ್ತು.

“ನೀನು ನೆಟ್ಟಗೇ ಹಿಡ್ದಿದೀಯ” ಎಂದರು.

ಸೋಮವಾರ ಜಗನ್‌ಗೆ ಹೇಳಿದಾಗ ಅವನು ಬೆಚ್ಚಿಬೀಳಲೂ ಇಲ್ಲ.

“ಅಷ್ಟೇನಾ? ಹನ್ನೆರಡರಿಂದ ಮೂವತ್ತೊಂದರ ತನಕ ಸ್ಥಿತಿ ‘ನಾಶ’ ಅಂತ ಹಾಕ್ಬಿಡಿ ಅಂಕಲ್. ಫಿಲ್ಟರ್ ಹಾಕಿದ್ರೆ ಒಂದೂ ಕಾಣ್ಸಲ್ಲ. ಹೇಗೂ ಅರ್ಧ ರಸ್ತೆಗೆ ಹೋಗಿವೆ.”

“ಒಬ್ಬ ಮನುಷ್ಯನ ಹೆಸರು ಕೆಟ್ಟಿದೆ ಜಗನ್.”

“ಸರಿ, ಷರಾದಲ್ಲಿ ಏನ್ ಬೇಕೋ ಬರ್ಕೊಳ್ಳಿ. ಆ ಕಾಲಂ ಪ್ರಿಂಟಿಗೆ ಬರಲ್ಲ.”

ಅನಂತರಾಮು ಪದ್ಮಶ್ರೀಯ ಪಕ್ಕ ನಿಂತು ಹದಿನೇಳನೇ ಗುರುತಿನ ಷರಾದಲ್ಲಿ ಬರೆಸಿದರು: ‘ವಾಪಸು ಅಳತೆ ಮಾಡಿಲ್ಲ. ಎತ್ತರ ಹತ್ತು ಸೆಂಟಿಮೀಟರ್ ತಪ್ಪು. ತಪ್ಪು ಅನಂತರಾಮು ಅವರದು. ನಜೀರ್ ಮೇಸ್ತ್ರಿ ಕಟ್ಟಿದ್ದು ಸರಿ.’ ಹುಡುಗಿ ಈ ಸಲ ತಮಾಷೆ ಮಾಡಲಿಲ್ಲ. ಆ ಒಂದೇ ಸಾಲನ್ನು ಸೋಸಿ, ಷರಾ ಕಾಲಂ ಸೇರಿಸಿ, ಒಂದು ಹಾಳೆ ತೆಗೆದುಕೊಟ್ಟಳು.

ನಜೀರ್ ರಸೆಲ್ ಮಾರುಕಟ್ಟೆಯಲ್ಲಿ ಭಾವಮೈದುನನ ಅಂಗಡಿಯಲ್ಲಿ ನಿಂಬೆಹಣ್ಣು ವಿಂಗಡಿಸುತ್ತಿದ್ದ. ಇವರನ್ನು ನೋಡಿ ಎದ್ದು ನಿಂತ. ಅನಂತರಾಮು ಹಾಳೆಯನ್ನು ತಾವೇ ಓದಿ ಹೇಳಿದರು. ಮುಗಿದ ಮೇಲೆ ಅವನು ಅದನ್ನು ಮುಟ್ಟಲಿಲ್ಲ.

“ಅವತ್ತು ಗಲ್ಲೀಲಿ ನಿಂತು, ಹತ್ತು ಮಂದಿ ಮುಂದೆ ಹೇಳಿದ್ರಿ ಸಾರ್. ಇವತ್ತು ನನ್ ಕಿವೀಲಿ ಬಂದು ಹೇಳ್ತಿದೀರ.”

“ಏನ್ ಮಾಡ್ಲಿ, ಹೇಳಪ್ಪ.”

“ಎಲ್ಲಿ ಕಳ್ದಿದ್ರೋ ಅಲ್ಲೇ ಹುಡುಕ್ಕೊಡಿ.”

ಇಬ್ಬರೂ ಕೆ.ಆರ್. ಪುರದ ಬಸ್ಸು ಹತ್ತಿದರು. ಅಕ್ಕಪಕ್ಕದ ಸೀಟು ಸಿಕ್ಕಿತು.

ಚಿಕ್ಕಮುನಿಯಮ್ಮ ಬಾಗಿಲಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು.

“ಹಂಗಾರೆ ಮೇಸ್ತ್ರಿದು ಏನೂ ತಪ್ಪಿಲ್ವಾ?”

“ಇಲ್ಲ ತಾಯಿ. ನಂದೇ.”

“ಅಯ್ಯೋ ಶಿವನೇ. ಕಟ್ಟಿಸೋರು ಕೇಳ್ದಾಗೆಲ್ಲ ಇವ್ನ ಕರೀಬೇಡಿ ಅಂತ ನಾನೇ ಹೇಳ್ಕಂಡು ತಿರುಗ್ದೆ.” ನಜೀರ್ ಕಡೆ ನೋಡಿದಳು. “ಮ್ಯಾಲೆ ಒಂದು ಕೋಣೆ ಎತ್ಬೇಕು ಅಂತಿವ್ನಿ. ನೀನೇ ಮಾಡ್ಕೊಡು ಬಾರಪ್ಪ.”

“ಆಗಲ್ಲಮ್ಮ. ಕರಣೆ, ತೂಕದ ಗುಂಡು ಎಲ್ಲಾ ತಮ್ಮನ್ ಮಗನಿಗೆ ಕೊಟ್ಬಿಟ್ಟೆ. ಈಗ ಸಾರ್ವೆ ಹತ್ತಿ ಎತ್ರದಲ್ಲಿ ನಿಂತ್ರೆ ಕಾಲು ನಡುಗ್ತವೆ.”

ಆಕೆ ಕಾಫಿ ಕೊಡುತ್ತೇನೆಂದಳು. ಇಬ್ಬರೂ ಬೇಡವೆಂದರು. ಅನಂತರಾಮು ಗಲ್ಲಿಗೆ ಇಳಿದು, ಅಂದು ನಿಂತಿದ್ದವರ ಮನೆಗಳಿಗೆ ಹೋದರು; ನಜೀರ್ ಹಿಂದೆ ಬಂದ. ಮೊದಲನೆಯದರಲ್ಲಿ ಒಂದು ಹೆಂಗಸು ಅರ್ಧ ಬಾಗಿಲು ತೆಗೆದು, ಮಾರಾಟದವರೆಂದು ತಿಳಿದು ಏನೂ ಬೇಡ ಎಂದಳು. ಹಳಬರು ಮನೆ ಮಾರಿ ಹೋಗಿ ಮೂರು ವರ್ಷವಾಗಿತ್ತು. ಎರಡನೆಯದರಲ್ಲಿ ಹೊಸದಾಗಿ ಬಂದಿದ್ದ ಬ್ಯಾಂಕ್ ನೌಕರನೊಬ್ಬ ತಾಳ್ಮೆಯಿಂದ ಪೂರ್ತಿ ಕೇಳಿದ.

“ಯಾವ ನಜೀರ್ ಸಾರ್? ಏನ್ ಮಾಡಿದ್ರಂತೆ ಅವರು?”

“ಏನೂ ಮಾಡಿಲ್ಲ. ಅದನ್ನೇ ಹೇಳೋಕೆ ಬಂದೆ.”

ಆತ ನಜೀರನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಏನನ್ನೋ ಅಂದಾಜು ಮಾಡಿಕೊಂಡು, ಬಾಗಿಲು ಹಾಕಿಕೊಂಡ. ಅನಂತರಾಮು ಮೂರನೇ ಗೇಟಿಗೆ ಕೈ ಹಾಕಿದರು. ನಜೀರ್ ಅವರ ತೋಳು ಹಿಡಿದ.

“ಸಾಕು ಬಿಡಿ ಸಾರ್. ಇವರಿಗೆಲ್ಲ ನನ್ ಹೆಸ್ರು ಕೆಟ್ಟಿತ್ತು ಅನ್ನೋದೇ ಈಗ ಗೊತ್ತಾಗ್ತಿದೆ.”