ಎಂಟು ಕೋಣೆಗೆ ಒಂದೇ ದೆವ್ವ

ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿದರೆ, ಲೇಡೀಸ್ ಡಬ್ಬಿಯ ಸೀಟಿನ ತುದಿಯಲ್ಲಿ ಕೂತಿದ್ದ ಹೆಂಗಸೊಬ್ಬರ ಕೈಯಲ್ಲಿ ನನ್ನದೇ ಕಾದಂಬರಿ ಇತ್ತು. ಅವರು ನನ್ನನ್ನೊಮ್ಮೆ ನೋಡಿ, ಪಕ್ಕದವರನ್ನು ಕಿಟಕಿಯತ್ತ ಒತ್ತಿ, ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಮಾಡಿಕೊಟ್ಟರು. ನನ್ನ ಅರ್ಧ ಮೈ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ.

ಬರೆದವಳು ನಾನೇ ಎನ್ನದೆ, ಪುಸ್ತಕ ಹೇಗಿದೆ ಎಂದು ಕನ್ನಡದಲ್ಲೇ ಕೇಳಿದೆ. ಸಣ್ಣ ಊರೊಂದರ ದೊಡ್ಡ ಮನೆಗೆ ಸತ್ತ ನಾದಿನಿ ದೆವ್ವವಾಗಿ ಬರುವ, ಹೆದರಿದ ಸಂಸಾರ ಊರನ್ನೇ ಬಿಡುವ ಕಥೆ ಅದು. ಎರಡು ವರ್ಷ ಕೂತು ಬರೆದದ್ದು.

"ಓದಿಸಿಕೊಂಡು ಹೋಗ್ತದೆ. ಆದರೆ ಹೆದರಿಕೆ ಎಲ್ಲಿಂದ ಬರ್ಬೇಕು ಮಾರಾಯ್ರೆ?" ಎಂದರು. "ಎಂಟು ಕೋಣೆ ಉಂಟು, ದೆವ್ವ ಒಂದೇ. ಇಲ್ಲಿ ಕಳವಾ ಸ್ಟೇಷನ್ ಹತ್ತಿರ ನಾವು ಒಂದೇ ರೂಮಿನಲ್ಲಿ ಆರು ಜನ. ಆ ದೆವ್ವಕ್ಕೊಂದು ಕೋಣೆ ಬಿಟ್ಟುಕೊಟ್ಟು ಅಡ್ಜಸ್ಟ್ ಮಾಡಿದ್ರೆ ಆಗ್ತಿರ್ಲಿಲ್ವಾ?"

ನನಗೆ ಸಿಟ್ಟು ಬಂತು. "ಅದು ದೆವ್ವ ಅಲ್ವಾ?" ಎಂದೆ.

"ದೆವ್ವ ಆದ್ರೇನು, ಮನೆಯ ಹುಡುಗಿಯೇ ಅಲ್ವಾ? ಅವಳೊಬ್ಬಳನ್ನೇ ಬಿಟ್ಟು ಹೋದದ್ದು ಓದಿ ನನಗೆ ಅಳು ಬಂತು."

ಆ ಪುಟಕ್ಕೆ ಯಾರಾದರೂ ಅತ್ತಾರು ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಳವಾ ಸ್ಟೇಷನ್ ಬಂತು. ಅವರು ಎದ್ದು ಪುಸ್ತಕವನ್ನು ಚೀಲಕ್ಕೆ ಹಾಕುತ್ತ, "ಇನ್ನು ಸರಿಯಾಗಿ ಕೂತ್ಕೊಳ್ಳಿ. ಪುಸ್ತಕದ ಹಿಂದಿನ ಫೋಟೋದಲ್ಲಿ ನೀವು ಭಾರೀ ಸಪೂರ ಇದ್ದೀರಿ. ಹಾಗಾಗಿ ಅಷ್ಟು ಜಾಗ ಸಾಕಾಗ್ತದೆ ಅಂತ ಎಣಿಸಿದೆ" ಎಂದು ಇಳಿದು ಹೋದರು.