ಗೀಟು ತೆಗೆಯದ ಕ್ಯಾಮೆರಾ

ನಮ್ಮ ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಅಕ್ಷರ. ಅವರ ಅಪ್ಪ ಊರೂರಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟರು. ಅಂಗಡಿಯಲ್ಲಿ ಕಾಗದ ಸಿಗುವ ಕಾಲದಲ್ಲೂ ಹಟ ಹಿಡಿದು, ಹಾಡುಗಳನ್ನು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ ಬರೆದಿಟ್ಟವರು. ಒಂದು ದಿನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು, ಕೊನೆಯ ಗರಿಯ ಅಂಚಿನಲ್ಲಿ 'ಅ' ಬರೆಸಿದ್ದರಂತೆ. ದೊಡ್ಡಮ್ಮ ಇದನ್ನು ಹೇಳಿದಾಗಲೆಲ್ಲ ಅವರ ಅಣ್ಣ, "ಹೆಣ್ಮಕ್ಳ ಕೈಗೆ ಕಂಟ ಯಾರ್ ಕೊಡ್ತಾರೆ? ಬರೀ ಅಬದ್ಧ" ಎಂದು ನಗುತ್ತಿದ್ದರು. ನಮ್ಮ ಕಡೆ ಸುಳ್ಳಿಗೆ ತೆಲುಗಿನ ಅಬದ್ಧವೇ ಸಲೀಸು. ಗರಿಯ ಕಟ್ಟು ಮಾತ್ರ ಆ ಅಣ್ಣ ಇರುವ ತನಕ ಅವರ ಪೆಟ್ಟಿಗೆ ಬಿಟ್ಟು ಕದಲಲಿಲ್ಲ.

ಅವರು ಹೋದ ಮೇಲೆ ಕಟ್ಟು ಆವನಿಯಲ್ಲಿದ್ದ ದೊಡ್ಡಮ್ಮನ ಮನೆಗೆ ಬಂತು. ಅಷ್ಟರಲ್ಲಿ ದೊಡ್ಡಮ್ಮನ ಕಣ್ಣು ಮಂಜಾಗಿತ್ತು. ಅಕ್ಷರಗಳಿಗೆ ತುಂಬಿದ್ದ ಮಸಿ ಎಂದೋ ಉದುರಿ ಬರೀ ಗೀಟು ಉಳಿದಿತ್ತು. ಮತ್ತೆ ಮಸಿ ಸವರೋಣವೆಂದರೆ ಗರಿ ಹಪ್ಪಳದ ಹಾಗೆ ಮುರಿಯುತ್ತಿತ್ತು.

"ಒಂದೊಂದನ್ನೂ ಒಂದೇ ಸಲ ತಿರುಗ್ಸೋಣ. ಅಷ್ಟರಲ್ಲೇ ಫೋಟೋ ಹಿಡಿದ್ಬಿಡ್ತೀನಿ" ಎಂದೆ. ಹೇಳುವುದು ಸುಲಭ. ನನ್ನ ಫೋನಿನಲ್ಲಿ ಗರಿ ಥಳಥಳ ಹೊಳೆಯಿತೇ ಹೊರತು ಒಂದಕ್ಷರವೂ ಕಾಣಲಿಲ್ಲ.

ಮೊದಲೇ ಮುರಿದಿದ್ದ ಒಂದು ಚೂರನ್ನು ಮಲ್ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಕೋಲಾರದ ಬಸ್ಸು ಹತ್ತಿದೆ. ಕ್ಯಾಮೆರಾ ಅಂಗಡಿಯವರಿಗೆ ಮದುವೆ ಫೋಟೋದವರೇ ಗಿರಾಕಿಗಳು. ಹೊಚ್ಚ ಹೊಸ ಕ್ಯಾಮೆರಾ ತೆಗೆದು, ಚೂರಿನ ಫೋಟೋ ಹೊಡೆದು, ಹೆಮ್ಮೆಯಿಂದ ನನ್ನ ಮುಂದೆ ಹಿಡಿದರು.

"ನೋಡಿ ಮೇಡಂ, ಒಂದ್ ಗೀಟಿಲ್ಲ! ನೆನ್ನೆ ಕೊಯ್ದಂಗದೆ ಎಲೆ. ಸುಕ್ಕು, ಗೀರು ಎಲ್ಲಾ ಇದೇ ತೆಗ್ದಾಕ್ಬಿಡುತ್ತೆ."

ನನಗೆ ಮೈಯೆಲ್ಲ ಉರಿಯಿತು. "ರೀ, ಆ ಗೀಟೇ ಅಕ್ಷರ ಕಣ್ರೀ!"

ಅವರು ಚೂರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ನಕ್ಕುಬಿಟ್ಟರು. "ಹಂಗಾದ್ರೆ ನಿಮ್ಗೆ ಬುದ್ಧಿವಂತ ಕ್ಯಾಮೆರಾ ಬೇಡ. ಕಂಡಿದ್ದನ್ನ ಕಂಡಂಗೆ ಹಿಡಿಯೋದು ಬೇಕು." ಮೇಲಿನ ಅಟ್ಟದಿಂದ ಯಾರೋ ಬಳಸಿ ಕೊಟ್ಟ ಹಳೆಯ ಕ್ಯಾಮೆರಾ ಇಳಿಯಿತು. ತಾನಾಗಿ ಏನನ್ನೂ ತಿದ್ದದು. ಹತ್ತಿರದ್ದನ್ನು ಹಿಡಿಯುವ ಲೆನ್ಸ್ ಇತ್ತು. ಸ್ಟ್ಯಾಂಡಿಗೆ ಬಗ್ಗಿಸಿ ಕಟ್ಟಿದರೂ ಪರದೆಯನ್ನು ನಮ್ಮ ಕಡೆ ತಿರುಗಿಸಿಕೊಳ್ಳಬಹುದಿತ್ತು. ಕೈ ನಡುಗಿದರೂ ಅಲ್ಲಾಡದಂತೆ ದೂರದಿಂದಲೇ ಗುಂಡಿ ಒತ್ತುವ ವೈರು ಬೇರೆ. ಆದರೂ ಫ್ಲ್ಯಾಷ್ ಹಾಕಿದಾಗ ಗರಿ ಬೆಳ್ಳಗೆ ಕುರುಡಾಯಿತು. ಬೇಸರಪಟ್ಟು, ಚೂರನ್ನು ಬಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ಹೊರಟೆ. ಬಾಗಿಲಲ್ಲಿ ಅದರ ಮೇಲೆ ಸಂಜೆ ಬಿಸಿಲು ಓರೆಯಾಗಿ ಬಿದ್ದದ್ದೇ ತಡ, ಒಂದೊಂದು ಗೀಟಿನೊಳಗೂ ನೆರಳು ತುಂಬಿ ಅಕ್ಷರಗಳು ಎದ್ದು ನಿಂತವು. ಇಬ್ಬರೂ ಕ್ಯಾಮೆರಾ ಕ್ಯಾಮೆರಾ ಅಂತಲೇ ತಲೆ ಕೆಡಿಸಿಕೊಂಡಿದ್ದೆವು, ಬೆಳಕಿನ ಯೋಚನೆಯೇ ಬಂದಿರಲಿಲ್ಲ. ಹಳೆಯದನ್ನೇ ಕೊಂಡೆ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಮನೆಯ ಪೂರ್ವದ ಬಾಗಿಲು ತೆಗೆದು, ನೆಲದ ಮೇಲೆ ಸ್ಟ್ಯಾಂಡ್ ಹೂಡಿದೆ. ಗರಿಯ ಕೆಳಗೆ ತೆಳು ರಟ್ಟು ತೂರಿಸಿ ಒಂದೊಂದನ್ನೇ ಮಗುಚಿದೆ. ಕೊನೆಯ ಗರಿಯ ಫೋಟೋ ತೆಗೆದು ಎತ್ತುವಾಗ ಅಂಚು ಚಟ್ ಎಂದಿತು.

"ಮುರೀತಾ?" ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದರು.

"ಮುರೀತು ದೊಡ್ಡಮ್ಮ. ಆದ್ರೆ ಫೋಟೋ ಬಂದೈತೆ."

ಟಿವಿಗೆ ವೈರು ಸಿಕ್ಕಿಸಿ ಆ ಅಂಚನ್ನು ದೊಡ್ಡದು ಮಾಡಿದೆ. ಊಟದ ತಟ್ಟೆಯಗಲದ 'ಅ'. ಅದರ ಪಕ್ಕದಲ್ಲಿ, ಅದಕ್ಕೆ ಒರಗಿಕೊಂಡು, ಸೊಟ್ಟಗೆ ಇನ್ನೊಂದು. ದೊಡ್ಡಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮೊದಲನೆಯದರ ಮೇಲೆ ಬೆರಳಾಡಿಸಿದರು.

"ಇದು ಅಪ್ಪ ಕೈ ಹಿಡಿದು ಬರ್ಸಿದ್ದು." ಬೆರಳು ಪಕ್ಕಕ್ಕೆ ಸರಿಯಿತು. "ಈ ವಂಕರದ್ದು ನಾನೊಬ್ಳೇ ಬರ್ದಿದ್ದು. ನಂಗೇ ಮರ್ತೋಗಿತ್ತು ಕಣೇ."

ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗೋಡೆಯ ಮೇಲಿನ ಅಣ್ಣನ ಫೋಟೋ ಕಡೆ ಕೈ ತೋರಿಸಿ ಅಂದರು:

"ಇದನ್ನ ಇಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕ್ಸು. ಅವನ ಎದುರು ಗೋಡೆಗೇ ಮೊಳೆ ಹೊಡಿ. ದಿನಾ ನೋಡ್ಲಿ."