ಬಾಗಿಲ ಮೇಲೆ ನಾಲ್ಕು ಮೋಡ

ಗೋಡೆಯ ಮೇಲೆ ಮೋಡ ಬರೆದದ್ದಕ್ಕೆ ಸಂಬಂಧ ಮುರಿದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಹೋದ ವಾರ ನಮ್ಮ ಮನೆಯಲ್ಲಿ ಇನ್ನೇನು ಮುರಿದೇಹೋಗಿತ್ತು.

ಮೊಮ್ಮಗಳು ಜಯಮ್ಮನನ್ನು ನೋಡಲು ಚಿಕ್ಕಬಾಣಾವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ನಮ್ಮ ಜಕ್ಕೂರಿನ ವಿಮಾನದ ಮೈದಾನದಲ್ಲೇ ಮೆಕ್ಯಾನಿಕ್. (ಬೀಡಿ ಸೇದುವುದಿಲ್ಲ. ವಿಚಾರಿಸಿದ್ದೇನೆ.) ಹುಡುಗಿಗೂ ಮನಸ್ಸಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಗೋಡೆಗೆ ಕೆಮ್ಮಣ್ಣು ಬಳಿದು, ಬಾಗಿಲ ಮೇಲೆ ಸುಣ್ಣದಲ್ಲಿ ಚೆಂದಕ್ಕೆ ಏನಾದರೂ ಬರಿ ಎಂದು ಅವಳಿಗೆ ಹೇಳಿ ಒಲೆಯ ಮುಂದೆ ಕೂತೆ. ಕಮಲ ಬರೆಯುತ್ತಾಳೆ ಅಂದುಕೊಂಡಿದ್ದೆ. ಬಂದು ನೋಡಿದರೆ ದುಂಡು ದುಂಡಾಗಿ ನಾಲ್ಕು ಬಿಳಿ ಮೋಡ! ಅಳಿಸುವಷ್ಟರಲ್ಲಿ ಗಾಡಿ ಬಂದೇಬಿಟ್ಟಿತು.

ಹುಡುಗನ ಅಜ್ಜಿ ಸಿದ್ದಮ್ಮ ಇಳಿದರು, ತಲೆ ಎತ್ತಿದರು, ಅಲ್ಲೇ ನಿಂತರು. ಕೊಟ್ಟ ನೀರು ಮುಟ್ಟಲಿಲ್ಲ.

"ಈ ಮನೇಲಿ ಯಾರಿಗೆ ಕಾಯಿಲೆ?"

ಅವರು ಚಿಕ್ಕವರಿದ್ದಾಗ ಪ್ಲೇಗ್ ಬಂದಿತ್ತಂತೆ. ರೋಗ ಹೊಕ್ಕ ಮನೆಯ ಗೋಡೆಗೆ ಸರ್ಕಾರದವರು ಸುಣ್ಣದಲ್ಲಿ ದುಂಡಗೆ ಗುರುತು ಹಾಕುತ್ತಿದ್ದರಂತೆ. ಒಂದು ಗುರುತಿಗೆ ಒಂದು ಹೆಣ. ನಮ್ಮ ಬಾಗಿಲ ಮೇಲೆ ನಾಲ್ಕು!

ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ, ಒಳಗೆ ಬಂದು ನೋಡಿ ಎಂದೆ. ಅದು ಮೋಡ ಎಂದೆ. ಗೋಡೆ ಮೇಲೆ ಮೋಡ ಯಾರಾದರೂ ಬರೆಯುತ್ತಾರಾ ಎಂದರು. ನ್ಯಾಯವೇ. (ನನಗೂ ಮೊದಲು ಇಡ್ಲಿಯ ಹಾಗೇ ಕಂಡಿತ್ತು.)

"ಗಾಡಿ ತಿರುಗಿಸ್ರಪ್ಪಾ, ಓಗಾನ."

ಬಾಗಿಲ ಹಿಂದೆ ಬಳೆಯ ಸದ್ದು ನಿಂತುಹೋಯಿತು.

ಹುಡುಗ ಮಾತ್ರ ಗೋಡೆ ನೋಡಿಕೊಂಡು ನಗುತ್ತಿದ್ದ. ಅಡಿ ಮಟ್ಟಸ, ಮೇಲೆ ದುಂಡು, ಇಂಥ ಮೋಡ ಕಂಡರೆ ಪೈಲಟ್‌ಗಳು ಹುಷಾರಾಗುತ್ತಾರಂತೆ. ಅದರ ಕೆಳಗೆ ಗಾಳಿ ಮೇಲಕ್ಕೇಳುತ್ತದೆ, ಹದ್ದನ್ನು ಎತ್ತಿದ ಹಾಗೆ ವಿಮಾನವನ್ನೂ ಎತ್ತುತ್ತದಂತೆ. ನಮಗೆ? ಬಿಸಿಲಿಗೆ ರಾಗಿ ಹರವು, ಸದ್ಯಕ್ಕೆ ಮಳೆಯಿಲ್ಲ ಎಂದರ್ಥ. ಒಂದು ಮೋಡಕ್ಕೆ ಎಷ್ಟು ಕೆಲಸ ನೋಡಿ!

ಅವನು ಬಾಗಿಲ ಕಡೆ ತಿರುಗಿ ಕೇಳಿಯೇಬಿಟ್ಟ. "ಇವು ಎಷ್ಟೊತ್ತಿನ ಮೋಡ ಕಣ್ರೀ?"

"ಹನ್ನೊಂದು ಗಂಟೆದು," ಎಂದಳು ಒಳಗಿನಿಂದ. "ನೀವು ವಿಮಾನ ತಳ್ಕೊಂಡು ಹೊರಗೆ ಬರ್ತೀರಲ್ಲ, ಆಗಿನದು."

ಸಿಕ್ಕಿಬಿದ್ದಳು! ದಿನಾ ವಿಮಾನದ ಮೈದಾನದ ಪಕ್ಕದ ಹೊಲಕ್ಕೆ ಹೋಗಿ ಇವಳು ಕಳೆ ಕಿತ್ತದ್ದು ಎಷ್ಟು ಎಂದು ನನಗೆ ಆಗ ಗೊತ್ತಾಯಿತು. ಗಾಡಿಯವನೂ ನಕ್ಕ. ಸಿದ್ದಮ್ಮ ನಗಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ.

ನನಗೆ ರೇಗಿತು. ಕುಂಕುಮದ ಬಟ್ಟಲು ತಂದೆ. ಒರಳುಕಲ್ಲಿನ ಮೇಲೆ ಹತ್ತಿ ನಾಲ್ಕು ಮೋಡಕ್ಕೂ ನಡುವೆ ಒಂದೊಂದು ಬೊಟ್ಟಿಟ್ಟೆ.

"ಪ್ಲೇಗಿನೋನು ಕುಂಕುಮ ಇಡ್ತಿದ್ನೇನಮ್ಮಾ?"

ಸಿದ್ದಮ್ಮ ಯೋಚಿಸಿದರು. ಇಲ್ಲ ಎಂದು ಒಪ್ಪಿಕೊಂಡರು. ನೀರು ಇಸಿದುಕೊಂಡು ಕಾಲು ತೊಳೆದರು, ಒಳಗೆ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡರು. ಹುಡುಗಿ ಒಪ್ಪಿಗೆ ಅಂದರು.

ಗಾಡಿ ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದರು. ಮದುವೆಯಾದ ಮೇಲೆ ಅವರ ಬಾಗಿಲ ಮೇಲೂ ಹುಡುಗಿ ನಾಲ್ಕು ಬರೆಯಬೇಕಂತೆ. ಆದರೆ ಮೋಡ ಅಂತ ಊರಲ್ಲಿ ಹೇಳಬಾರದು, ಬೆಣ್ಣೆ ಉಂಡೆ ಅನ್ನಬೇಕಂತೆ.

ಮೊಮ್ಮಗಳನ್ನು ಮನೆ ತುಂಬಿಸಿಕೊಳ್ಳುವವರು ಬೂದುಗುಂಬಳಕಾಯಿ ಅಂದರೂ ನಾನು ಅಲ್ಲ ಅನ್ನಲೇ?